ಕೀಲುಬೇನೆಯ ಸುಳಿವು ಕೊಟ್ಟ ಕಲ್ಲಂಗಡಿ

ಬೆರಳ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದು ಗಂಟೆ ಕಳೆದರೂ ಮುಷ್ಟಿ ಬಿಗಿಯಲಾಗದೆ ವೈದ್ಯರ ಬಳಿ ಹೋದವರಿಗೆ ರಕ್ತಪರೀಕ್ಷೆ ಮಾಡಿಸಲು ಹೇಳುವುದು ವಾಡಿಕೆ. ಆ ಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ. ಒಂದು ‘ಆರ್.ಎ. ಫ್ಯಾಕ್ಟರ್’. ಇನ್ನೊಂದು ‘ಆ್ಯಂಟಿ-ಸಿ.ಸಿ.ಪಿ.’. ಕಾಗದದ ಮೇಲೆ ಇವೆರಡರ ನಡುವೆ ಅರ್ಧ ಅಂಗುಲದ ಅಂತರವೂ ಇರುವುದಿಲ್ಲ. ಚರಿತ್ರೆಯಲ್ಲಿ ಮಾತ್ರ ಒಂದರಿಂದ ಇನ್ನೊಂದಕ್ಕೆ ಬರಲು ಸುಮಾರು ಅರುವತ್ತು ವರ್ಷ ಹಿಡಿಯಿತು. ಆ ದಾರಿ ಕುರಿಯ ರಕ್ತ, ಮನುಷ್ಯರ ಕೆನ್ನೆಯ ಒಳಪೊರೆ, ಇಲಿಯ ಅನ್ನನಾಳಗಳನ್ನು ಹಾದು ಕಲ್ಲಂಗಡಿ ಹಣ್ಣಿನಿಂದ ಹೆಸರು ಪಡೆದ ಒಂದು ಅಮೈನೋ ಆಮ್ಲದ ಬಳಿ ಬಂದು ನಿಂತಿತು.

ಇದೇ ಅವಧಿಯಲ್ಲಿ ಇನ್ನೊಂದು ಗುಂಪಿನ ವಿಜ್ಞಾನಿಗಳು ಅದೇ ರೋಗವನ್ನು ಬೇರೆ ಬಾಗಿಲಿನಿಂದ ತಟ್ಟುತ್ತಿದ್ದರು. ಅವರ ಹುಡುಕಾಟ ವಂಶವಾಹಿಗಳದು. ರಕ್ತದವರ ದಾರಿ ಒಂದು, ವಂಶದವರ ದಾರಿ ಇನ್ನೊಂದು. ಎರಡೂ ಕೂಡಿದಾಗ ಹೊರಬಿದ್ದ ಸಂಗತಿ ಮಾತ್ರ ಇಬ್ಬರೂ ಎಣಿಸಿದ್ದಕ್ಕಿಂತ ಬೇರೆಯಾಗಿತ್ತು.

ಕೀಲು ಹಿಡಿಯುವ ರೋಗಗಳು ಹಲವು. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ. ಇಲ್ಲಿ ಹೇಳಹೊರಟಿರುವ ರುಮಟಾಯ್ಡ್ ಸಂಧಿವಾತ ಬೇರೆ. ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬಿದ್ದು, ಊತ ಬರಿಸಿ, ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುವ ರೋಗ ಇದು. ಮೂವತ್ತು-ನಲವತ್ತರ ದುಡಿಯುವ ವಯಸ್ಸಿನಲ್ಲೇ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಹರಿಯಾಣದ ಬಲ್ಲಭಗಢದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವಯಸ್ಕರಲ್ಲಿ ಶೇಕಡಾ 0.75ರಷ್ಟು ಮಂದಿಗೆ ಈ ರೋಗವಿದೆಯೆಂದು ಲೆಕ್ಕ ಹಾಕಿತು. ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಮಂದಿ ಎಂದಾಯಿತು. ಆಯುರ್ವೇದದ ಮಾಧವ ನಿದಾನದಲ್ಲಿ ‘ಆಮವಾತ’ಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ನಮ್ಮ ವೈದ್ಯರು ಇವತ್ತಿಗೂ ರುಮಟಾಯ್ಡ್ ಸಂಧಿವಾತಕ್ಕೆ ಹತ್ತಿರದ್ದೆಂದು ತೋರಿಸುವುದು ಅದನ್ನೇ.

ಬಡ ಹೆಂಗಸರ ಗೌಟ್

ಯುರೋಪಿನ ವೈದ್ಯಶಾಸ್ತ್ರದಲ್ಲಿ ಈ ರೋಗಕ್ಕೆ ಬಹುಕಾಲ ಸ್ವಂತ ಹೆಸರಿರಲಿಲ್ಲ. ಕೀಲು ಊದಿದರೆ ‘ಗೌಟ್’ ಎಂದುಬಿಡುತ್ತಿದ್ದರು. ಗೌಟ್ ಎಂದರೆ ಉಂಡು ಕುಡಿದು ಸುಖವಾಗಿರುವ ಸಿರಿವಂತ ಗಂಡಸರ ಕಾಯಿಲೆ ಎಂಬ ಭಾವನೆ. 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿದ್ದ ಇಪ್ಪತ್ತೆಂಟರ ಯುವ ವೈದ್ಯ ಆಗುಸ್ಟೀನ್ ಜಾಕೋಬ್ ಲಾಂದ್ರೆ-ಬೋವೆಗೆ ಇದು ಸರಿಕಾಣಲಿಲ್ಲ. ಸಾಲ್ಪೆತ್ರಿಯೇರ್ ದಿಕ್ಕಿಲ್ಲದ ಹೆಂಗಸರಿಗೆ ಆಸರೆಯಾಗಿದ್ದ ದೊಡ್ಡ ಆಸ್ಪತ್ರೆ. ಅಲ್ಲಿ ಆತ ನೋಡಿದ ಒಂಬತ್ತು ಮಂದಿ ಬಡ ಹೆಂಗಸರು. ಔತಣಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಆದರೂ ಕೀಲುಗಳು ಒಂದಾದ ಮೇಲೊಂದರಂತೆ ಊದಿ, ವರ್ಷಗಟ್ಟಲೆ ಕಾಡಿ, ಕೈಕಾಲು ಸೊಟ್ಟಗಾಗಿದ್ದವು. ಇದನ್ನು ಗೌಟಿನ ಹೊಸ ಬಗೆಯೆಂದು ಒಪ್ಪಬೇಕೆ ಎಂಬ ಪ್ರಶ್ನೆಯನ್ನೇ ಆತ ತನ್ನ ಪ್ರಬಂಧದ ತಲೆಬರಹ ಮಾಡಿಕೊಂಡ. ಹೆಸರು ತಪ್ಪಿದರೂ ಕಣ್ಣು ತಪ್ಪಿರಲಿಲ್ಲ.

ಸರಿಯಾದ ಹೆಸರು ಬಂದದ್ದು ಲಂಡನ್ನಿನಿಂದ. ಆಲ್ಫ್ರೆಡ್ ಬ್ಯಾರಿಂಗ್ ಗ್ಯಾರಡ್ ಎಂಬ ವೈದ್ಯ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದ್ದ. ಆಮ್ಲ ಹೆಚ್ಚಿಲ್ಲದೆಯೂ ಕೀಲು ಊದುವ ಇನ್ನೊಂದು ಗುಂಪು ಉಳಿಯಿತಲ್ಲ, ಅದನ್ನು 1859ರ ತನ್ನ ಪುಸ್ತಕದಲ್ಲಿ ಆತ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂದು ಕರೆದ. ಇಲ್ಲೊಂದು ಕುತೂಹಲದ ಸಂಗತಿ. ಈ ಗ್ಯಾರಡ್‌ನ ಮಗ ಆರ್ಚಿಬಾಲ್ಡ್ ಗ್ಯಾರಡ್ ಕೂಡ ವೈದ್ಯ. 1890ರಲ್ಲಿ ಅವನೂ ಇದೇ ರೋಗದ ಬಗ್ಗೆ ಒಂದು ಗ್ರಂಥ ಬರೆದ. ಆದರೆ ಜಗತ್ತು ಅವನನ್ನು ನೆನೆಯುವುದು ಬೇರೆ ಕೆಲಸಕ್ಕಾಗಿ. ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯ ಎಂಬ ಅಪರೂಪದ ದೋಷ ಮೆಂಡಲ್‌ನ ನಿಯಮದಂತೆ ವಂಶದಲ್ಲಿ ಇಳಿಯುತ್ತದೆಂದು 1902ರಲ್ಲಿ ತೋರಿಸಿ, ರೋಗ ಮತ್ತು ವಂಶವಾಹಿಗಳನ್ನು ಮೊದಲು ಗಂಟುಹಾಕಿದವರಲ್ಲಿ ಆತ ಒಬ್ಬ. ರೋಗಕ್ಕೆ ಹೆಸರಿಟ್ಟವನು ತಂದೆ. ರೋಗ ವಂಶದಲ್ಲಿ ಹೇಗೆ ಇಳಿಯುತ್ತದೆಂದು ನೋಡುವ ವಿದ್ಯೆಗೆ ತಳಪಾಯ ಹಾಕಿದವನು ಮಗ. ಒಂದೇ ಮನೆಯೊಳಗಿದ್ದ ಈ ಎರಡು ಎಳೆಗಳು ಹೆಣೆದುಕೊಳ್ಳಲು ಮತ್ತೆ ಮುಕ್ಕಾಲು ಶತಮಾನ ಕಾಯಬೇಕಾಯಿತು.

ಆ ಹೊತ್ತಿಗೆ ರೋಗಿಗಳ ಪಾಡು ಏನಾಗಿತ್ತು ಎಂದರೆ ಚಿತ್ರಕಾರ ರೆನ್ವಾನನ್ನು ನೆನೆದರೆ ಸಾಕು. 1890ರ ದಶಕದಲ್ಲಿ ಅವನಿಗೆ ಈ ರೋಗ ಹತ್ತಿತು. 1907ರಲ್ಲಿ ಬೆಚ್ಚನೆಯ ಹವೆಯನ್ನರಸಿ ಫ್ರಾನ್ಸಿನ ದಕ್ಷಿಣದ ಕಾನ್ಯ ಎಂಬ ಊರಿಗೆ ಹೋಗಿ ನೆಲೆಸಿದ. ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲೇ ಕಳೆದ. ಅಂಗೈಗೆ ಉಗುರು ನಾಟದಂತೆ ಬಟ್ಟೆ ಸುತ್ತಿ, ಬೆರಳ ಸಂದಿಗೆ ಬೇರೆಯವರು ಕುಂಚ ಸಿಕ್ಕಿಸಿದರೆ ಚಿತ್ರ ಬರೆಯುತ್ತಿದ್ದ. 1915ರಲ್ಲಿ ತೆಗೆದ ಒಂದು ಮೂಕಿ ಚಿತ್ರದ ತುಣುಕಿನಲ್ಲಿ ಆ ಕೈಗಳನ್ನು ಈಗಲೂ ನೋಡಬಹುದು. 1919ರಲ್ಲಿ ಸಾಯುವವರೆಗೂ ಆತ ಕುಂಚ ಬಿಡಲಿಲ್ಲ.

ಕಾರಣ ಗೊತ್ತಿಲ್ಲದ ರೋಗಕ್ಕೆ ಮದ್ದು ನೂರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ವೈದ್ಯರಲ್ಲಿ ಒಂದು ನಂಬಿಕೆ ಬಲವಾಯಿತು: ಬಾಯಲ್ಲೋ ಗಂಟಲಲ್ಲೋ ಅಡಗಿದ ಕೀವಿನಿಂದ ವಿಷ ಹರಿದು ಕೀಲು ಸೇರುತ್ತದೆ. ಪರಿಣಾಮವಾಗಿ ಅಸಂಖ್ಯಾತ ರೋಗಿಗಳ ಹಲ್ಲುಗಳನ್ನು, ಗಂಟಲಿನ ಟಾನ್ಸಿಲ್‌ಗಳನ್ನು ಕಿತ್ತುಹಾಕಲಾಯಿತು. ಹಲ್ಲು ಹೋಯಿತು, ನೋವು ಉಳಿಯಿತು. ಮುಂದೆ ಈ ಚಿಕಿತ್ಸೆಯನ್ನು ಎಲ್ಲರೂ ನಕ್ಕು ಮೂಲೆಗೆ ಹಾಕಿದರು. ಆದರೆ ಹಲ್ಲಿನ ಮಾತು ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಮತ್ತೆ ಬರಲಿದೆ.

ಪ್ರತಿಕಾಯಕ್ಕೇ ಪ್ರತಿಕಾಯ

ದೇಹ ತನ್ನ ಮೇಲೆ ತಾನೇ ಕೈ ಮಾಡಬಹುದೆಂಬ ವಿಚಾರವನ್ನು ಆಗ ಯಾರೂ ಸುಲಭವಾಗಿ ಒಪ್ಪುವಂತಿರಲಿಲ್ಲ. ಜರ್ಮನಿಯ ಪಾಲ್ ಎರ್ಲಿಖ್ ಮತ್ತು ಸಂಗಡಿಗರು 1900ರ ಸುಮಾರಿಗೆ ಮೇಕೆಗಳಿಗೆ ಮೇಕೆಯ ರಕ್ತವನ್ನೇ ಚುಚ್ಚಿ ನೋಡಿದ್ದರು. ಬೇರೆ ಮೇಕೆಗಳ ರಕ್ತದ ವಿರುದ್ಧ ಪ್ರತಿಕಾಯ ಹುಟ್ಟಿತು, ಸ್ವಂತ ರಕ್ತದ ವಿರುದ್ಧ ಹುಟ್ಟಲಿಲ್ಲ. ತನಗೆ ತಾನೇ ವಿಷವಾಗುವುದಕ್ಕೆ ದೇಹ ಹೇಸುತ್ತದೆ ಎಂಬರ್ಥದ ಒಂದು ಲ್ಯಾಟಿನ್ ಮಾತನ್ನು ಎರ್ಲಿಖ್ ಬಳಸಿದ. ಅಂಥ ದೊಡ್ಡ ಮನುಷ್ಯ ಹೇಳಿದ ಮೇಲೆ ಮುಗಿಯಿತು. ಅರ್ಧ ಶತಮಾನ ಅದು ವೇದವಾಕ್ಯವಾಯಿತು. ದೇಹಕ್ಕೆ ಅಂಥ ಕಡಿವಾಣ ಇರುವುದೇನೋ ನಿಜ. ಆ ಕಡಿವಾಣ ಹಿಡಿಯುವ ಕೋಶಗಳನ್ನು ಪತ್ತೆ ಮಾಡಿದ್ದಕ್ಕಾಗಿ ಜಪಾನಿನ ಸಕಗುಚಿ ಮತ್ತು ಅಮೆರಿಕದ ಬ್ರಂಕೋ, ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಪಾರಿತೋಷಕ ಬಂತು. ಆದರೆ ಕಡಿವಾಣ ಕಿತ್ತುಹೋಗುವುದೂ ಉಂಟು.

1937ರಲ್ಲಿ ನಾರ್ವೆಯ ಎರಿಕ್ ವಾಲರ್ ಪ್ರಯೋಗಶಾಲೆಯ ಒಂದು ಮಾಮೂಲಿ ಪರೀಕ್ಷೆ ಮಾಡುತ್ತಿದ್ದ. ಕುರಿಯ ಕೆಂಪು ರಕ್ತಕಣಗಳಿಗೆ ಮೊಲದ ಪ್ರತಿಕಾಯಗಳನ್ನು ಅಂಟಿಸಿ, ಅದಕ್ಕೆ ರೋಗಿಯ ರಕ್ತದ ತಿಳಿಯನ್ನು ಬೆರೆಸುವ ಪರೀಕ್ಷೆ ಅದು. ಸಂಧಿವಾತದ ಒಬ್ಬ ರೋಗಿಯ ರಕ್ತದ ತಿಳಿ ಬೆರೆಸಿದಾಗ ಕಣಗಳು ಒಡೆದ ಹಾಲಿನಂತೆ ಗುಂಪುಗುಂಪಾಗಿ ಅಂಟಿಕೊಂಡವು. ಇಂಥದು ಆಗಬಾರದಿತ್ತು. ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡಬಹುದಾಗಿದ್ದ ಆ ನಳಿಕೆಯ ಬೆನ್ನು ಹತ್ತಿದ್ದೇ ವಾಲರ್‌ನ ದೊಡ್ಡಸ್ತಿಕೆ. 1940ರಲ್ಲಿ ಆತ ಅದನ್ನು ಪ್ರಕಟಿಸಿದ. ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನಿಯ ಸೇನೆ ನಾರ್ವೆಗೆ ನುಗ್ಗಿತು. ಕುರಿಯ ರಕ್ತಕಣದ ಸುದ್ದಿ ಯಾರಿಗೆ ಬೇಕಿತ್ತು?

ಎಂಟು ವರ್ಷದ ತರುವಾಯ, 1948ರಲ್ಲಿ, ನ್ಯೂಯಾರ್ಕಿನ ಹ್ಯಾರಿ ರೋಸ್ ಮತ್ತು ಚಾರ್ಲ್ಸ್ ರೇಗನ್ ತಂಡ ಇದೇ ಸಂಗತಿಯನ್ನು ಮತ್ತೆ ಕಂಡಿತು. ಹಾಗಾಗಿ ‘ವಾಲರ್-ರೋಸ್ ಪರೀಕ್ಷೆ’ ಎಂಬ ಜೋಡಿ ಹೆಸರು. ಕುರಿಯ ರಕ್ತದ ಬದಲು ರಬ್ಬರಿನಂಥ ಲೇಟೆಕ್ಸ್ ಕಣಗಳನ್ನು ಬಳಸುವ ಸುಲಭ ವಿಧಾನವನ್ನು 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ರೂಪಿಸಿದ ಮೇಲೆ ಇದು ಊರೂರಿನ ಪ್ರಯೋಗಾಲಯಕ್ಕೂ ಬಂತು. ನಮ್ಮ ವರದಿಗಳಲ್ಲಿರುವ ‘ಆರ್.ಎ. ಫ್ಯಾಕ್ಟರ್’ ಇದೇ.

ಅದು ನಿಜಕ್ಕೂ ಏನು? 1950ರ ದಶಕದ ಕೊನೆಗೆ ರಾಕ್‌ಫೆಲರ್ ಸಂಸ್ಥೆಯ ಹೆನ್ರಿ ಕುಂಕೆಲ್ ಮತ್ತಿತರರ ಕೆಲಸದಿಂದ ಉತ್ತರ ದೊರೆಯಿತು. ಪ್ರತಿಕಾಯವೊಂದರ ಬಾಲವನ್ನು ಹಿಡಿಯುವ ಇನ್ನೊಂದು ಪ್ರತಿಕಾಯ ಅದು. ಪೊಲೀಸನನ್ನೇ ಹಿಡಿಯಲು ಹೊರಟ ಪೊಲೀಸ ಎನ್ನಿ. ದೇಹ ತನ್ನದೇ ವಸ್ತುವಿನ ಮೇಲೆ ಏರಿಹೋಗುತ್ತದೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಂತಾಯಿತು.

ಆದರೆ ಈ ಸಾಕ್ಷಿ ಅಷ್ಟೊಂದು ನೆಚ್ಚಬಹುದಾದ್ದಲ್ಲ. ರೋಗಿಗಳಲ್ಲಿ ಕಾಲು ಭಾಗದಷ್ಟು ಮಂದಿಯ ರಕ್ತದಲ್ಲಿ ಅದು ಕಾಣುವುದೇ ಇಲ್ಲ. ಇನ್ನೊಂದೆಡೆ ಕುಷ್ಠ, ಕ್ಷಯ, ಹೃದಯದ ಕವಾಟದ ಸೋಂಕು, ಹೆಪಟೈಟಿಸ್ ಸಿ ಇರುವವರಲ್ಲೂ, ಏನೂ ಕಾಯಿಲೆಯಿಲ್ಲದ ಮುದುಕರಲ್ಲೂ ಅದು ಕಾಣಿಸಿಕೊಳ್ಳುತ್ತದೆ. 1960ರ ದಶಕದ ಆರಂಭದಲ್ಲಿ ರೋಗಿಗಳ ರಕ್ತದ ಈ ಅಂಶವನ್ನು ಬೇರೆಯವರಿಗೆ ಕೊಟ್ಟು ನೋಡಿದಾಗಲೂ ಅವರಿಗೆ ಸಂಧಿವಾತ ಬರಲಿಲ್ಲ. ‘ಆರ್.ಎ. ಫ್ಯಾಕ್ಟರ್ ಪಾಸಿಟಿವ್’ ಎಂಬ ಒಂದೇ ಸಾಲಿನ ಮೇಲೆ ರೋಗ ನಿಶ್ಚಯಿಸಿ ವರ್ಷಾನುಗಟ್ಟಲೆ ಗುಳಿಗೆ ನುಂಗಿದವರೂ, ‘ನೆಗೆಟಿವ್’ ಎಂಬ ಸಾಲನ್ನು ನಂಬಿ ಕೀಲು ಕಳೆದುಕೊಂಡವರೂ ಲೋಕದಲ್ಲಿ ಕಡಿಮೆಯಿಲ್ಲ. ಕೀಲಿನ ಮೇಲೆ ಕೈಯಿಟ್ಟು ನೋಡುವ ವೈದ್ಯರ ಕೆಲಸವನ್ನು ಕಾಗದ ಮಾಡಲಾರದು.

ಕೆನ್ನೆಯಿಂದ ಇಲಿಗೆ, ಇಲಿಯಿಂದ ಕಲ್ಲಂಗಡಿಗೆ

ಇನ್ನೂ ಖಚಿತವಾದ ಗುರುತಿನ ಹುಡುಕಾಟದಲ್ಲಿ 1964ರಲ್ಲಿ ನೆದರ್ಲೆಂಡಿನ ನೀನ್‌ಹೌಸ್ ಮತ್ತು ಮಾಂಡೆಮಾ ಒಂದು ವಿಚಿತ್ರ ಪರೀಕ್ಷೆಯನ್ನು ವರದಿ ಮಾಡಿದರು. ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು ತೆಗೆದ ಕೋಶಗಳ ಮೇಲೆ ಸಂಧಿವಾತದ ರೋಗಿಯ ರಕ್ತದ ತಿಳಿಯನ್ನು ಹಾಕಿದರೆ, ಕೋಶಕೇಂದ್ರದ ಸುತ್ತಲಿನ ಚುಕ್ಕೆಗಳಿಗೆ ಪ್ರತಿಕಾಯ ಹೋಗಿ ಅಂಟಿಕೊಳ್ಳುತ್ತಿತ್ತು. ಬೇರೆ ಕಾಯಿಲೆಯವರ ರಕ್ತ ಹೀಗೆ ಮಾಡುವುದು ಕಡಿಮೆ. ಗುರುತೇನೋ ಸೊಗಸಾಗಿತ್ತು, ತೊಡಕು ಕೆನ್ನೆಯದು. ಎಲ್ಲರ ಕೆನ್ನೆಯ ಕೋಶವೂ ಪರೀಕ್ಷೆಗೆ ಒದಗುತ್ತಿರಲಿಲ್ಲ. ಕೆಲವೇ ಜನರದ್ದು ಆಗುತ್ತಿತ್ತು, ಏಕೆಂದು ಯಾರಿಗೂ ತಿಳಿಯದು. ‘ಒಳ್ಳೆಯ ಕೆನ್ನೆ’ಯವರನ್ನು ಹುಡುಕುತ್ತ ಕೂರಲು ಯಾವ ಆಸ್ಪತ್ರೆಗೆ ಪುರುಸೊತ್ತಿದೆ? ಪರೀಕ್ಷೆ ಮೂಲೆ ಸೇರಿತು. 1979ರಲ್ಲಿ ಇಂಗ್ಲೆಂಡಿನವರು ಇಲಿಯ ಅನ್ನನಾಳದ ಸೀಳಿನ ಮೇಲೆ ಅಂಟುವ ಇನ್ನೊಂದು ಪ್ರತಿಕಾಯವನ್ನು ಕಂಡರು. ಅದೂ ಈ ರೋಗದವರದ್ದೇ.

ಕೆನ್ನೆಯದೂ ಇಲಿಯದೂ ಬೇರೆ ಬೇರೆ ಪ್ರತಿಕಾಯಗಳೆಂದೇ ಎಲ್ಲರೂ ತಿಳಿದಿದ್ದರು. 1990ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಗೀ ಸೆರ್ ನೇತೃತ್ವದ ತಂಡ ಎರಡೂ ಒಂದೇ ಜಾತಿಯವೆಂದು ತೋರಿಸಿತು. ಎರಡೂ ಹಿಡಿಯುವುದು ಫಿಲಾಗ್ರಿನ್ ಎಂಬ ಪ್ರೋಟೀನಿನ ಬಳಗವನ್ನು. ಇಲ್ಲಿ ಕಥೆ ಬಿಗಿಯಾಗುತ್ತದೆ. ಫಿಲಾಗ್ರಿನ್ ಚರ್ಮದ ಮೇಲ್ಪದರದ ಪ್ರೋಟೀನು. ಕೀಲಿನಲ್ಲಿ ಅದಿಲ್ಲ! ಕೀಲಿನ ರೋಗದವರು ಚರ್ಮದ ಪ್ರೋಟೀನಿನ ಮೇಲೆ ಯಾಕೆ ಹಗೆ ಸಾಧಿಸಬೇಕು?

ಒಗಟನ್ನು ಬಿಡಿಸಿದ್ದು ನೆದರ್ಲೆಂಡಿನ ನೈಮೇಗನ್ ವಿಶ್ವವಿದ್ಯಾಲಯದ ಷೆಲೆಕೆನ್ಸ್, ವಾನ್ ವೆನ್‌ರೋಯ್ ಮತ್ತು ಸಂಗಡಿಗರು, 1998ರಲ್ಲಿ. ವಂಶವಾಹಿಯ ಲಿಪಿಯಲ್ಲಿ ಬರೆಯಬಹುದಾದ ಸಾಮಾನ್ಯ ಅಮೈನೋ ಆಮ್ಲಗಳು ಇಪ್ಪತ್ತು. ಪ್ರೋಟೀನು ತಯಾರಾದ ಮೇಲೆ ಅವುಗಳಲ್ಲೊಂದಾದ ಆರ್ಜಿನಿನ್ ಅನ್ನು ‘ಪ್ಯಾಡ್’ ಎಂಬ ಕಿಣ್ವ ತಿದ್ದಿ ಸಿಟ್ರುಲಿನ್ ಆಗಿ ಮಾಡಬಲ್ಲದು. ಸಿಟ್ರುಲಿನ್ ಆ ಇಪ್ಪತ್ತರ ಪಟ್ಟಿಯಲ್ಲಿಲ್ಲ. ತೂಕದಲ್ಲಿ ಒಂದು ಹೈಡ್ರೋಜನ್ ಪರಮಾಣುವಿನಷ್ಟೇ ವ್ಯತ್ಯಾಸ. ಆದರೆ ಆರ್ಜಿನಿನ್‌ಗಿದ್ದ ಧನ ವಿದ್ಯುದಂಶ ಮಾಯವಾಗುತ್ತದೆ. ರೋಗಿಗಳ ಪ್ರತಿಕಾಯಗಳು ಹಿಡಿಯುತ್ತಿದ್ದುದು ಈ ಸಿಟ್ರುಲಿನ್ ಇರುವ ಜಾಗವನ್ನು. ಸಿಟ್ರುಲಿನ್ ಕೂಡಿಸಿ ಪ್ರಯೋಗಶಾಲೆಯಲ್ಲಿ ಹೆಣೆದ ತುಣುಕುಗಳಿಂದ ನೈಮೇಗನ್ ತಂಡ ಶೇಕಡಾ 76ರಷ್ಟು ರೋಗಿಗಳನ್ನು ಗುರುತಿಸಿತು. ರೋಗವಿಲ್ಲದವರಲ್ಲಿ ಶೇಕಡಾ 96 ಮಂದಿಯನ್ನು ಸರಿಯಾಗಿ ಕೈಬಿಟ್ಟಿತು. ಆ ತುಣುಕುಗಳನ್ನು ಬಳೆಯಂತೆ ಬಾಗಿಸಿ 2000ದಲ್ಲಿ ಮಾಡಿದ ಪರೀಕ್ಷೆಯೇ ಆ್ಯಂಟಿ-ಸಿ.ಸಿ.ಪಿ. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ರೋಗ ಗುರುತಿಸುವ ನಿಯಮಗಳನ್ನು ಹೊಸದಾಗಿ ಬರೆದಾಗ ಈ ಪರೀಕ್ಷೆಗೂ ಜಾಗ ದೊರೆಯಿತು.

ಸಿಟ್ರುಲಿನ್ ಎಂಬ ಹೆಸರು ಕಲ್ಲಂಗಡಿಯ ಲ್ಯಾಟಿನ್ ಹೆಸರಾದ ಸಿಟ್ರುಲಸ್‌ನಿಂದ ಬಂದದ್ದು. 1914ರಲ್ಲಿ ಜಪಾನಿನ ಕೋಗಾ ಮತ್ತು ಓಟಾಕೆ ಕಲ್ಲಂಗಡಿಯ ರಸದಿಂದ ಅದನ್ನು ಬೇರ್ಪಡಿಸಿದ್ದರು. 1930ರಲ್ಲಿ ವಾಡಾ ಎಂಬ ವಿಜ್ಞಾನಿ ಅದರ ರಚನೆ ತಿಳಿಸಿ ಹೆಸರಿಟ್ಟ. ಇದನ್ನು ಓದಿ ಬೇಸಿಗೆಯಲ್ಲಿ ಕಲ್ಲಂಗಡಿ ಬಿಡಬೇಕೇನೋ ಎಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಹಣ್ಣಿನಲ್ಲಿರುವುದು ಬಿಡಿಯಾದ ಸಿಟ್ರುಲಿನ್. ಇಲ್ಲಿನ ತಂಟೆ ನಮ್ಮದೇ ಪ್ರೋಟೀನಿನ ನಡುವೆ ಹುಟ್ಟಿದ್ದು. ಅಲ್ಲದೆ ಊತ ಬಂದ ಯಾವ ಜಾಗದಲ್ಲೂ ಯಾರ ದೇಹದಲ್ಲೂ ಸಿಟ್ರುಲಿನ್ ಕೂಡಿದ ಪ್ರೋಟೀನುಗಳು ಹುಟ್ಟುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಹೀಗೆ ಬದಲಾಗಿ ರೋಗಿಗಳ ಕೀಲಿನೊಳಗೆ ಇರುವುದನ್ನು 2001ರಲ್ಲಿ ತುಲೂಸ್ ತಂಡವೇ ತೋರಿಸಿತು. ಫಿಲಾಗ್ರಿನ್ ಬರೀ ಹೋಲಿಕೆಯ ಮುಖ, ನಿಜವಾದ ಗುರಿ ಬೇರೆ ಎಂದು ಆಗ ತಿಳಿಯಿತು. ಸಿಟ್ರುಲಿನ್ ಎಲ್ಲರಲ್ಲೂ ಹುಟ್ಟುವುದಾದರೆ ಕೆಲವರ ದೇಹ ಮಾತ್ರ ಅದನ್ನು ಶತ್ರುವೆಂದು ಭಾವಿಸುವುದೇಕೆ?

ವಂಶದ ದಾರಿ

ಇದಕ್ಕೆ ಉತ್ತರ ಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ಸಂಬಂಧವಿಲ್ಲದ ಇಬ್ಬರ ಬಿಳಿ ರಕ್ತಕಣಗಳನ್ನು ಒಂದೇ ಬಟ್ಟಲಲ್ಲಿ ಬೆರೆಸಿದರೆ ಅವು ಪರಸ್ಪರ ಅಪರಿಚಿತರೆಂದು ಗುರುತಿಸಿ ಕೆರಳುತ್ತವೆ. 1969ರಲ್ಲಿ ಆಸ್ಟೋರ್ಗಾ ಮತ್ತು ವಿಲಿಯಮ್ಸ್ ಎಂಬ ಅಮೆರಿಕದ ಸಂಶೋಧಕರು ಇಬ್ಬರು ಸಂಧಿವಾತ ರೋಗಿಗಳ ಕಣಗಳನ್ನು ಬೆರೆಸಿದಾಗ ಅಷ್ಟಾಗಿ ಕೆರಳದಿರುವುದನ್ನು ಗಮನಿಸಿದರು. ಬಂಧುಗಳಲ್ಲದವರು ಬಂಧುಗಳಂತೆ ನಡೆದುಕೊಂಡಿದ್ದರು. ಇದರ ಎಳೆ ಹಿಡಿದು ಡಲ್ಲಾಸ್ ನಗರದ ಪೀಟರ್ ಸ್ಟಾಸ್ನಿ 1978ರಲ್ಲಿ ಕಾರಣ ಹೇಳಿದ: ರೋಗಿಗಳಲ್ಲಿ ಹತ್ತಕ್ಕೆ ಏಳು ಮಂದಿಗೆ ‘ಡಿಆರ್4’ ಎಂಬ ಗುರುತಿದೆ; ಉಳಿದ ಜನರಲ್ಲಿ ಹತ್ತಕ್ಕೆ ಮೂವರ ಆಸುಪಾಸು.

ಡಿಆರ್ ಎಂಬುದು ಎಚ್‌ಎಲ್‌ಎ ಬಳಗದ ಪ್ರೋಟೀನು. ಅದರ ವಂಶವಾಹಿ ಆರನೆಯ ವರ್ಣತಂತುವಿನ ಮೇಲಿದೆ. ಅದರ ಕೆಲಸ ತಟ್ಟೆ ಹಿಡಿಯುವುದು. ಕೋಶವು ಒಳಗೆ ಅರೆದ ಪ್ರೋಟೀನಿನ ತುಣುಕನ್ನು ಈ ತಟ್ಟೆಯಲ್ಲಿಟ್ಟು ಕಾವಲು ಕೋಶಗಳಿಗೆ ತೋರಿಸುತ್ತದೆ. ಅವು ‘ಇದು ನಮ್ಮದು’, ‘ಇದು ಹೊರಗಿನದು’ ಎಂದು ತೀರ್ಮಾನಿಸುತ್ತವೆ. ತಟ್ಟೆಯ ಆಕಾರ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ. ಯಾವ ತುಣುಕು ಯಾರ ತಟ್ಟೆಯಲ್ಲಿ ಕುಳಿತುಕೊಳ್ಳುತ್ತದೆ ಎಂಬುದು ಹುಟ್ಟಿನಿಂದ ಬಂದದ್ದು.

ಆದರೆ ಎಲ್ಲ ಕಡೆಯೂ ಡಿಆರ್4 ಸಿಗಲಿಲ್ಲ. ಬ್ರಿಟನ್ನಿನಲ್ಲಿದ್ದ ಭಾರತೀಯ ಮೂಲದ ರೋಗಿಗಳನ್ನು 1981ರಲ್ಲಿ ಪರೀಕ್ಷಿಸಿದಾಗ ನಂಟು ಕಂಡದ್ದು ಡಿಆರ್1ರ ಜತೆ. ಇಸ್ರೇಲಿನ ಯಹೂದಿಗಳಲ್ಲೂ ಹಾಗೆಯೇ. 1987ರಲ್ಲಿ ಗ್ರೆಗರ್ಸನ್, ಸಿಲ್ವರ್ ಮತ್ತು ವಿಂಚೆಸ್ಟರ್ ಈ ಬೇರೆ ಬೇರೆ ತಟ್ಟೆಗಳನ್ನು ಒಟ್ಟಿಗಿಟ್ಟು ನೋಡಿ, ಹೆಸರು ಬೇರೆಯಾದರೂ ಅವೆಲ್ಲವುಗಳ ಅಂಚಿನಲ್ಲಿ 70ರಿಂದ 74ನೆಯ ಸ್ಥಾನದವರೆಗಿನ ಐದು ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. ಇದಕ್ಕೆ ‘ಸಮಾನ ಗುರುತು’ ಎನ್ನೋಣ. ಆದರೆ ಆ ತಟ್ಟೆಯಲ್ಲಿ ಬಡಿಸುವ ಪದಾರ್ಥ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸಿಟ್ರುಲಿನ್ ಪತ್ತೆಯಾಗಲು ಇನ್ನೂ ಹನ್ನೊಂದು ವರ್ಷವಿತ್ತು.

2003ರಲ್ಲಿ ಕೆನಡಾದ ಸಂಶೋಧಕರು ಇವೆರಡನ್ನೂ ಜೋಡಿಸಿದರು. ಸಮಾನ ಗುರುತಿರುವ ತಟ್ಟೆಯ ಆ ಗುಂಡಿಯಲ್ಲಿ ಧನ ವಿದ್ಯುದಂಶವಿದೆ. ಆರ್ಜಿನಿನ್‌ನಲ್ಲೂ ಧನ ವಿದ್ಯುದಂಶ, ಒಂದನ್ನೊಂದು ತಳ್ಳುತ್ತವೆ. ಆರ್ಜಿನಿನ್ ಸಿಟ್ರುಲಿನ್ ಆಯಿತೆನ್ನಿ, ವಿದ್ಯುದಂಶ ಹೋಗಿ ಅದು ಗುಂಡಿಯಲ್ಲಿ ಹಾಯಾಗಿ ಕೂರುತ್ತದೆ. 2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳ ತಂಡ ಹರಳುಗಟ್ಟಿಸಿದ ಅಣುಗಳ ಚಿತ್ರ ತೆಗೆದು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. ಬೇರೆಯವರ ತಟ್ಟೆಯಿಂದ ಜಾರಿಬೀಳುವ ತುಣುಕು ಇವರ ತಟ್ಟೆಯಲ್ಲಿ ನಿಲ್ಲುತ್ತದೆ. ಕಾವಲುಗಾರರ ಕಣ್ಣಿಗೆ ಬೀಳುತ್ತದೆ.

ಹೊಗೆಯ ಪಾಲು

ಸ್ವೀಡನ್ನಿನಲ್ಲಿ ಲಾರ್ಸ್ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು ಹೊಸ ರೋಗಿಗಳನ್ನೂ ಅದೇ ಪ್ರಾಯದ ಆರೋಗ್ಯವಂತರನ್ನೂ ಹೋಲಿಸಿ ವರ್ಷಗಟ್ಟಲೆ ಲೆಕ್ಕವಿಟ್ಟಿದ್ದರು. ಅವರು 2006ರಲ್ಲಿ ಪ್ರಕಟಿಸಿದ ಬರಹ ಈ ಚರಿತ್ರೆಯ ತಿರುವು ಎನ್ನಬೇಕು. ತಂದೆಯಿಂದಲೂ ತಾಯಿಯಿಂದಲೂ ಸಮಾನ ಗುರುತು ಪಡೆದು ಸಿಗರೇಟನ್ನೂ ಸೇದುವವರಿಗೆ, ಎರಡೂ ಇಲ್ಲದವರಿಗಿಂತ, ಸಿಟ್ರುಲಿನ್ ವಿರೋಧಿ ಪ್ರತಿಕಾಯವುಳ್ಳ ಸಂಧಿವಾತ ಬರುವ ಸಂಭವ 21 ಪಟ್ಟು. ಸಿಗರೇಟು ಸೇದುವವರ ಶ್ವಾಸಕೋಶದಿಂದ ತೆಗೆದ ಕೋಶಗಳಲ್ಲಿ ಸಿಟ್ರುಲಿನ್ ಕೂಡಿದ ಪ್ರೋಟೀನುಗಳೂ ಕಂಡವು. ಕೀಲಿನ ಜಗಳ ಶುರುವಾಗುವುದು ಕೀಲಿನಲ್ಲೇ ಅಲ್ಲದಿರಬಹುದು!

ಸ್ವೀಡನ್ನಿನವರು ತುಟಿಯಡಿ ಇಟ್ಟುಕೊಳ್ಳುವ ಹೊಗೆಯಿಲ್ಲದ ತಂಬಾಕಿಗೆ ಈ ನಂಟು ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದಿಂದ ಹೊರಬಂತು. ತಪ್ಪು ಹೊಗೆಯದು, ನಿಕೋಟಿನ್‌ನದಲ್ಲವೆಂದು ಅದರ ಅರ್ಥ. ನಮ್ಮ ಕಡೆಯ ಎಲೆಯಡಿಕೆ, ಹೊಗೆಸೊಪ್ಪಿನ ಪ್ರಿಯರು ಇದನ್ನೇ ರಹದಾರಿ ಎಂದುಕೊಳ್ಳುವುದು ಬೇಡ. ಬಾಯಿಯ ಕ್ಯಾನ್ಸರಿನ ಲೆಕ್ಕ ಬೇರೆಯೇ ಇದೆ.

ಈ ಲೆಕ್ಕದೊಳಗೆ ಅಡಗಿದ್ದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಪ್ರತಿಕಾಯವಿಲ್ಲದ ಸಂಧಿವಾತಕ್ಕೂ ಸಮಾನ ಗುರುತಿಗೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಹಾಲೆಂಡಿನ ಲೈಡನ್ ನಗರದ ಸಂಶೋಧಕರೂ ಅದೇ ಸಮಯಕ್ಕೆ ಇದನ್ನೇ ಕಂಡರು. ವಂಶವಾಹಿ ಒಯ್ದು ಕೊಡುತ್ತಿದ್ದುದು ಸಂಧಿವಾತವನ್ನಲ್ಲ, ಸಿಟ್ರುಲಿನ್ ಮೇಲೆ ಪ್ರತಿಕಾಯ ಮಾಡುವ ಒಲವನ್ನು. ಪ್ರತಿಕಾಯ ಹುಟ್ಟಿದರೆ ಮುಂದೆ ರೋಗ. ಗ್ಯಾರಡ್ ಇಟ್ಟ ಒಂದೇ ಹೆಸರಿನ ಕೆಳಗೆ ಒಂದೂವರೆ ಶತಮಾನ ಕಾಲ ಕನಿಷ್ಠ ಎರಡು ರೋಗಗಳು ಕೂಡಿಬಾಳಿದ್ದವು.

ಹಲ್ಲಿನ ಮಾತು ಮತ್ತೆ ಬರುವುದು ಇಲ್ಲಿ. ವಸಡು ಕೊಳೆಸುವ ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಕ್ಕೆ ಸಿಟ್ರುಲಿನ್ ಮಾಡುವ ತನ್ನದೇ ಕಿಣ್ವವಿದೆಯೆಂದು 1999ರಲ್ಲಿ ಗೊತ್ತಾಯಿತು. ಬಾಯಿಯ ಇನ್ನೊಂದು ಬ್ಯಾಕ್ಟೀರಿಯ ಬಿಳಿ ರಕ್ತಕಣಗಳನ್ನು ಕೆಡಿಸಿ ರಾಶಿ ರಾಶಿ ಸಿಟ್ರುಲಿನ್ ಪ್ರೋಟೀನು ಹುಟ್ಟಿಸುತ್ತದೆಂದು 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ತೋರಿಸಿದರು. ನೂರು ವರ್ಷದ ಹಿಂದೆ ಹಲ್ಲು ಕಿತ್ತ ವೈದ್ಯರು ಪೂರ್ತಿ ಮೂರ್ಖರಾಗಿರಲಿಲ್ಲ ಎಂದಾಯಿತು. ಕೀಳಿಸಿಕೊಂಡವರಿಗೆ ಅದರಿಂದೇನೂ ಸಮಾಧಾನವಿಲ್ಲ.

ವಂಶವಾಹಿಗಳ ಪಟ್ಟಿ ಅಲ್ಲಿಂದೀಚೆಗೆ ಬೆಳೆಯುತ್ತ ಹೋಗಿದೆ. ಸಿಟ್ರುಲಿನ್ ಮಾಡುವ ಕಿಣ್ವದ್ದೇ ಆದ ಪ್ಯಾಡಿ4 ಎಂಬ ವಂಶವಾಹಿಯ ಭೇದವನ್ನು 2003ರಲ್ಲಿ ಜಪಾನಿನವರು ಕಂಡರು. ಯುರೋಪಿನವರಲ್ಲಿ ಅದರ ಪ್ರಭಾವ ಅಷ್ಟಕ್ಕಷ್ಟೆ. 2004ರಲ್ಲಿ ಅಮೆರಿಕದವರು ಕಂಡ ಪಿಟಿಪಿಎನ್22 ಎಂಬುದರ ಭೇದ ಯುರೋಪಿನ ಮೂಲದವರಲ್ಲಿ ಬಲವಾದದ್ದು, ಜಪಾನೀಯರಲ್ಲಿ ಇಲ್ಲವೆನ್ನುವಷ್ಟು ವಿರಳ. 2014ರಲ್ಲಿ ಯುರೋಪ್ ಮತ್ತು ಏಷ್ಯಾ ಮೂಲದ ಒಂದು ಲಕ್ಷಕ್ಕೂ ಮಿಕ್ಕ ಜನರ ವಂಶವಾಹಿಗಳನ್ನು ಜಾಲಾಡಿದಾಗ ಇಂಥ 101 ಜಾಗಗಳ ಲೆಕ್ಕ ಸಿಕ್ಕಿತು. ಒಂದೊಂದರ ಪಾಲೂ ಚೂರುಪಾರು. 2012ರಲ್ಲಿ ಉತ್ತರ ಭಾರತದವರನ್ನು ಪರೀಕ್ಷಿಸಿದಾಗ ಹೊರಗಿನವರು ಕಂಡ ಗುರುತುಗಳಲ್ಲಿ ಕೆಲವು ಮಾತ್ರ ತಾಳೆಯಾದವು. ಬೇರೆಯವರ ಪಟ್ಟಿ ನೋಡಿ ನಮ್ಮವರ ಭವಿಷ್ಯ ಹೇಳುವ ಪರೀಕ್ಷೆಗಳ ಜಾಹೀರಾತು ಕಂಡಾಗ ಇದು ನೆನಪಿದ್ದರೆ ಒಳ್ಳೆಯದು. ಹಾಗೆ ನೋಡಿದರೆ ವಂಶವೇ ಎಲ್ಲವೂ ಅಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನದಲ್ಲಿ, ವಂಶವಾಹಿಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಈ ರೋಗವಿದ್ದಾಗ ಇನ್ನೊಬ್ಬರಿಗೂ ಇದ್ದದ್ದು ಶೇಕಡಾ 15ರಷ್ಟು ಜೋಡಿಗಳಲ್ಲಿ ಮಾತ್ರ.

ನೋವಿಗೆ ಮುಂಚಿನ ವರ್ಷಗಳು

ಸ್ವೀಡನ್ನಿನ ಉತ್ತರಕ್ಕಿರುವ ಉಮಿಯೊ ನಗರದಲ್ಲಿ ಸಾಮಾನ್ಯ ಜನರ ರಕ್ತವನ್ನು ಶೇಖರಿಸಿಡುವ ಒಂದು ಭಂಡಾರವಿದೆ. ಮುಂದೆ ಸಂಧಿವಾತ ಬಂದ 83 ಮಂದಿ, ಆರೋಗ್ಯವಾಗಿದ್ದಾಗ ಕೊಟ್ಟಿದ್ದ ರಕ್ತವನ್ನು ಅಲ್ಲಿಂದ ಹೊರತೆಗೆದು ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅವರಲ್ಲಿ ಹಲವರಿಗೆ ಒಂದೇ ಒಂದು ಕೀಲೂ ನೋಯದಿದ್ದ ಕಾಲದಲ್ಲೇ ರಕ್ತದಲ್ಲಿ ಸಿಟ್ರುಲಿನ್ ವಿರೋಧಿ ಪ್ರತಿಕಾಯಗಳು ಇದ್ದವು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಿಂದ ಇನ್ನೊಂದು ವರದಿ ಬಂತು. ಹಿಂದೆ ರಕ್ತದಾನ ಮಾಡಿದ್ದು ಆಮೇಲೆ ಈ ರೋಗಕ್ಕೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಹಳೆಯ ರಕ್ತದಲ್ಲಿ ಈ ಪ್ರತಿಕಾಯವೋ ಆರ್.ಎ. ಫ್ಯಾಕ್ಟರೋ ಸಿಕ್ಕಿತು. ಕೆಲವರಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಮುಂಚಿತವಾಗಿ!

ಹಾಗಾದರೆ ರೋಗ ಬರುವ ಮೊದಲೇ ತಡೆಯಬಹುದಲ್ಲ? ಕೇಳುವುದು ಸುಲಭ. ಪ್ರತಿಕಾಯವಿದ್ದವರಿಗೆಲ್ಲ ರೋಗ ಬಂದೇ ಬರುವುದಿಲ್ಲ. ಬರದಿರಬಹುದಾದ ಕಾಯಿಲೆಗಾಗಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ದುಬಾರಿ ಔಷಧಿಯನ್ನು ಯಾರಿಗೆ ಕೊಡುವುದು? ಕ್ಷಯದ ಸೋಂಕು ಮನೆಮನೆಯಲ್ಲಿರುವ ನಮ್ಮಂಥ ದೇಶದಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಸದ್ಯಕ್ಕೆ ನಿಸ್ಸಂಶಯವಾಗಿ ಹೇಳಬಹುದಾದ್ದು ಬೀಡಿ-ಸಿಗರೇಟು ಬಿಡಿ ಎಂಬುದು. ರೋಗಿಯ ಮನೆಮಂದಿಗಂತೂ ಇದು ಎರಡು ಪಟ್ಟು ಅನ್ವಯ.

ಔಷಧಿಯ ಪ್ರಯತ್ನವೂ ನಡೆದಿದೆ. ರಕ್ತದಲ್ಲಿ ಪ್ರತಿಕಾಯವಿದ್ದು, ಕೀಲು ನೋಯುತ್ತಿದ್ದು, ಊತ ಮಾತ್ರ ಇನ್ನೂ ಬಾರದ 213 ಮಂದಿಯ ಮೇಲೆ ಬ್ರಿಟನ್ ಮತ್ತು ನೆದರ್ಲೆಂಡಿನಲ್ಲಿ ಅಬಟಸೆಪ್ಟ್ ಎಂಬ ಔಷಧಿಯನ್ನು ಪ್ರಯೋಗಿಸಿದ ಫಲಿತಾಂಶ 2024ರಲ್ಲಿ ಹೊರಬಂತು. ಕಾವಲು ಕೋಶಗಳು ತಟ್ಟೆ ನೋಡಿ ಕೆರಳದಂತೆ ಅಡ್ಡ ನಿಲ್ಲುವ ಔಷಧಿ ಅದು. ಒಂದು ವರ್ಷ ವಾರವಾರವೂ ಚುಚ್ಚುಮದ್ದು ಕೊಟ್ಟರು. ವರ್ಷದ ಕೊನೆಗೆ ಔಷಧಿ ಪಡೆದವರಲ್ಲಿ ಶೇಕಡಾ 6 ಮಂದಿಗೂ, ಬರಿಯ ಹುಸಿಮದ್ದು ಪಡೆದವರಲ್ಲಿ ಶೇಕಡಾ 29 ಮಂದಿಗೂ ರೋಗ ಬಂದಿತ್ತು. ಅನಂತರ ಔಷಧಿ ನಿಲ್ಲಿಸಿ ಇನ್ನೊಂದು ವರ್ಷ ಕಾದು ನೋಡಿದರು. ಎರಡನೆಯ ವರ್ಷದ ಕೊನೆಗೆ ಆ ಅಂಕಿಗಳು 25 ಮತ್ತು 37 ಆಗಿದ್ದವು.